ಪೆಟ್ಟು ಕಾಲಿಗೆ, ರಜೆ ಮೈಗೆಲ್ಲ ಯಾಕೆ?

ಪ್ಲಾಸ್ಟರ್ ಕತ್ತರಿಸುವ ಯಂತ್ರದ ಸದ್ದಿಗೆ ಹೆದರಿ ಕಣ್ಣು ಮುಚ್ಚಿಕೊಂಡವರು, ಕಣ್ಣು ಬಿಟ್ಟ ಮೇಲೆ ನಿಜವಾಗಿ ಹೆದರುತ್ತಾರೆ. ಹೊಟ್ಟು ಎದ್ದ ಚರ್ಮ, ಒತ್ತಾಗಿ ಬೆಳೆದ ಕೂದಲು, ನಡುವೆ ಬಿಳಿಚಿಕೊಂಡ ಒಂದು ಕಾಲು. ಅದು ತನ್ನದೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಪಕ್ಕದ ಕಾಲಿನ ಜೊತೆ ಇಟ್ಟು ನೋಡಿದರೆ ಮೀನಖಂಡ ಕರಗಿಹೋಗಿದೆ, ತೊಡೆ ಜೋಲುತ್ತಿದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ‘ಮೂಳೆ ಚೆನ್ನಾಗಿ ಕೂಡಿದೆ, ಇನ್ನೇನು ತೊಂದರೆಯಿಲ್ಲ’ ಎನ್ನುತ್ತಾರೆ. ಮೂಳೆಯ ಮಟ್ಟಿಗೆ ಅವರ ಮಾತು ನಿಜ. ಮಾಂಸದ ಲೆಕ್ಕ ಆ ಫಿಲ್ಮಿನಲ್ಲಿ ಇರುವುದಿಲ್ಲ.

ಆ ಲೆಕ್ಕವನ್ನು ಬೇರೆಯವರು ಮಾಡಿಟ್ಟಿದ್ದಾರೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು, ಯಾವ ಗಾಯವೂ ಇಲ್ಲದ 24 ತರುಣರ ಒಂದೊಂದು ಕಾಲಿಗೆ ಬೇಕೆಂತಲೇ ಪ್ಲಾಸ್ಟರ್ ಹಾಕಿ ನೋಡಿದರು. 2014ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಐದೇ ದಿನಕ್ಕೆ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರ ಶೇ 3.5ರಷ್ಟು, ಶಕ್ತಿ ಶೇ 9ರಷ್ಟು ಇಳಿದಿತ್ತು. ಹದಿನಾಲ್ಕು ದಿನಕ್ಕೆ ಗಾತ್ರದಲ್ಲಿ ಶೇ 8.4, ಶಕ್ತಿಯಲ್ಲಿ ಸುಮಾರು ಶೇ 23 ಖೋತಾ. ಇವರೆಲ್ಲ ನೋವಿಲ್ಲದ, ಊಟ ಬಿಡದ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಹುಡುಗರು. ನಿಜವಾಗಿ ಬಿದ್ದು, ಆಪರೇಷನ್ ಮಾಡಿಸಿಕೊಂಡು, ಊಟ ಸೇರದೆ ಮಲಗಿದವರ ಗತಿ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ.

ಈ ಅಂಕಿಗಳಲ್ಲಿ ನನ್ನ ಗಮನ ಸೆಳೆದದ್ದು ಗಾತ್ರ ಮತ್ತು ಶಕ್ತಿಯ ನಡುವಿನ ಅಂತರ. ಶಕ್ತಿ ಗಾತ್ರಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ವೇಗದಲ್ಲಿ ಇಳಿಯುತ್ತದೆ. ಅಂದರೆ ಮಾಂಸ ಕರಗುವುದಕ್ಕೆ ಮುಂಚೆಯೇ ಇನ್ನೇನೋ ಕೈಕೊಟ್ಟಿರುತ್ತದೆ. ಅದು ಮಿದುಳು ಮತ್ತು ನರಗಳ ಕಡೆಯಿಂದ ಸ್ನಾಯುವಿಗೆ ಬರಬೇಕಾದ ಅಪ್ಪಣೆ. ಬಳಸದ ಸ್ನಾಯುವಿಗೆ ಆ ಅಪ್ಪಣೆ ದಿನೇದಿನೇ ಕ್ಷೀಣವಾಗುತ್ತದೆ. ಮಂಡಿಯ ಗಾಯದಲ್ಲಂತೂ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಕೀಲಿನೊಳಗೆ ನೀರು ತುಂಬಿ ಊದಿಕೊಂಡರೆ, ಬೆನ್ನುಹುರಿಯ ಮಟ್ಟದಲ್ಲೇ ತೊಡೆಯ ಸ್ನಾಯುವಿಗೆ ಹೋಗುವ ಸಂದೇಶಕ್ಕೆ ತಡೆ ಬೀಳುತ್ತದೆ. ಆರೋಗ್ಯವಾಗಿರುವ ಮಂಡಿಗೆ ಬರೀ 20–30 ಮಿಲಿ ಲೀಟರ್ ಸಲೈನ್ ತುಂಬಿಸಿದರೂ ತೊಡೆಯ ಒಳಬದಿಯ ಸ್ನಾಯು ಮಂಕಾಗುವುದನ್ನು 1980ರ ದಶಕದಲ್ಲೇ ಅಳೆದು ತೋರಿಸಿದ್ದಾರೆ. ಅಷ್ಟು ಎಂದರೆ ಆರೇಳು ಟೀ ಚಮಚ ಮೀರದು.

ಇದನ್ನು ಓದಿ ತಿಳಿದುಕೊಳ್ಳುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ನಮ್ಮ ಭಾವ ಸ್ಕೂಟರಿನಿಂದ ಬಿದ್ದು, ಮಂಡಿಯ ಕೆಳಗಿನ ಮೂಳೆಗೆ ಪ್ಲೇಟ್ ಹಾಕಿಸಿಕೊಂಡಿದ್ದರು. ಫಿಸಿಯೊಥೆರಪಿಗೆ ಅವರ ಜೊತೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿದ್ದ ಹುಡುಗಿ ಒಂದು ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟಳು.

‘ಸರ್, ಟವೆಲ್ಲನ್ನ ಮಂಚಕ್ಕೆ ಒತ್ತಿ.’

‘ಒತ್ತುತ್ತಾನೇ ಇದ್ದೀನಲ್ಲಮ್ಮ.’

‘ತೊಡೆ ಮೇಲೆ ಕೈಯಿಟ್ಟು ನೋಡಿ. ಗಟ್ಟಿ ಆಯ್ತಾ?’

ಆಗಿರಲಿಲ್ಲ. ಭಾವ ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ ಒತ್ತುತ್ತಿದ್ದರು. ಕತ್ತಿನ ನರ ಉಬ್ಬುತ್ತಿತ್ತೇ ಹೊರತು ತೊಡೆ ಮಿಸುಕಲಿಲ್ಲ. ಆಕೆ ಅದನ್ನೇ ಚೆನ್ನಾಗಿದ್ದ ಕಾಲಿನಲ್ಲಿ ಮಾಡಿಸಿದಳು. ತೊಡೆ ಕಲ್ಲಿನಂತೆ ಬಿಗಿಯಾಯಿತು, ಮಂಡಿಚಿಪ್ಪು ಒಂದು ಬೆರಳಷ್ಟು ಮೇಲಕ್ಕೆ ಜಾರಿತು. ‘ಈ ಕಾಲಲ್ಲೂ ಚಿಪ್ಪು ಹೀಗೆ ಮೇಲೆ ಬರಬೇಕು ಸರ್. ಅದು ಬಂದ ದಿನ ನಡಿಗೆ ಮಾತಾಡೋಣ’ ಎಂದಳು. ದಿನಕ್ಕೆ ನಾಲ್ಕೈದು ಸಲ, ಟಿ.ವಿ. ನೋಡುತ್ತಲೇ ಒತ್ತಿ ಒತ್ತಿ, ಮರುವಾರಕ್ಕೆ ಚಿಪ್ಪು ಕದಲಿತು. ಅಷ್ಟು ಸಣ್ಣ ಚಲನೆಗೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಲಗಿಸುವ ಪ್ರೀತಿ

ನಮ್ಮ ಮನೆಗಳಲ್ಲಿ ಪೆಟ್ಟು ಬಿದ್ದವರಿಗೆ ಸಿಗುವ ಮೊದಲ ಔಷಧಿ ಮಂಚ. ನೋಡಲು ಬಂದವರೆಲ್ಲ ಬಾಗಿಲಲ್ಲೇ ‘ಏಳ್ಬೇಡಿ, ಏಳ್ಬೇಡಿ, ಸುಮ್ನೆ ಮಲ್ಕೊಳ್ಳಿ ಯಜಮಾನ್ರೇ’ ಎನ್ನುತ್ತಾರೆ. ನೀರು ಬೇಕೆಂದರೆ ಕೈಗೆ ಲೋಟ ಬರುತ್ತದೆ, ಫೋನು ಹೊಡೆದುಕೊಂಡರೆ ಮಗು ಓಡಿ ಬಂದು ಕೊಡುತ್ತದೆ. ಮಣಿಕಟ್ಟು ಮುರಿದವರೂ ಮಲಗುತ್ತಾರೆ; ಕಾಲಿಗೆ ಏನೂ ಆಗಿರುವುದಿಲ್ಲ. ಇದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಮುರಿದ ಮೂಳೆಗೆ ಬೇಕಾದ ವಿಶ್ರಾಂತಿಯನ್ನು ಮುರಿಯದ ಇನ್ನೆಲ್ಲ ಅಂಗಗಳಿಗೂ ಹಂಚಿಬಿಡುವ ಪ್ರೀತಿ. ಅದರ ಬೆಲೆಯನ್ನು ಮಲಗಿದವರು ತಿಂಗಳುಗಟ್ಟಲೆ ತೆರುತ್ತಾರೆ.

ಮಂಚದ ಬೆಲೆ ಎಷ್ಟೆಂದು ತೋರಿಸಿದ ಹಳೆಯ ಪ್ರಯೋಗವೊಂದಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐದು ಮಂದಿ ತರುಣರನ್ನು ಸುಮಾರು ಮೂರು ವಾರ ಹಾಸಿಗೆ ಬಿಟ್ಟೇಳದಂತೆ ಮಲಗಿಸಿದರು. ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ, ಅಂದರೆ ನಾವು ದಮ್ಮು ಎನ್ನುವುದರ ಅಳತೆ, ಶೇ 27ರಷ್ಟು ಕುಸಿಯಿತು. ಕುತೂಹಲ ಇರುವುದು ಮುಂದಿನ ಭಾಗದಲ್ಲಿ. ಮೂವತ್ತು ವರ್ಷಗಳ ನಂತರ, ಐವತ್ತು ದಾಟಿ ಹೊಟ್ಟೆ ಬಂದಿದ್ದ ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಅವರ ದಮ್ಮನ್ನು ಕಿತ್ತುಕೊಂಡದ್ದಕ್ಕಿಂತ, ತಾರುಣ್ಯದ ಆ ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದೇ ಹೆಚ್ಚಾಗಿತ್ತು.

ವೈದ್ಯರೂ ಒಂದು ಕಾಲದಲ್ಲಿ ಮಂಚದ ಪರವೇ ಇದ್ದರು. ಅದು ಬದಲಾದದ್ದು ಎರಡನೇ ಮಹಾಯುದ್ಧದ ಆಸ್ಪತ್ರೆಗಳಲ್ಲಿ. ಷಿಕಾಗೋದ ಗಾರ್ಡಿನರ್ ಜನರಲ್ ಆಸ್ಪತ್ರೆಯಲ್ಲಿ ಮಂಡಿ, ತೊಡೆ ಮುರಿದ ಸೈನಿಕರು ತಿಂಗಳುಗಟ್ಟಲೆ ಬಿದ್ದಿದ್ದರು, ಹೊಸಬರಿಗೆ ಜಾಗವಿರಲಿಲ್ಲ. ಆಗಿನ ಪದ್ಧತಿ ಎಂದರೆ ಹಗುರವಾದ ಚಲನೆ, ಅದೂ ನೂರಾರು ಸಲ. ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯ ಅದಕ್ಕೆ ವಿರುದ್ಧವಾಗಿ ಹೊರಟ. ಹುಡುಗನಾಗಿದ್ದಾಗ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದು, ಮುಂದೆ ಭಾರ ಎತ್ತಿಯೇ ಮೈ ಕಟ್ಟಿಕೊಂಡಿದ್ದವನು ಅವನು. ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸೇರಿಸಿ, ಕೆಲವೇ ಸಲ, ಆದರೆ ಕಷ್ಟಪಟ್ಟು ಎತ್ತಿಸಿದ. ವಾರವಾರವೂ ತೂಕ ಏರಿಸಿದ. ಕ್ಷೀಣಿಸಿದ ತೊಡೆಗಳು ತುಂಬಿಕೊಂಡವು, ಜನ ಬೇಗ ಎದ್ದು ಹೋದರು. 1945ರಲ್ಲಿ ಅವನು ಅದನ್ನು ಬರೆದು ಪ್ರಕಟಿಸಿದ. ಇವತ್ತು ನಮ್ಮ ಫಿಸಿಯೊಗಳು ಚೀಟಿಯಲ್ಲಿ ಬರೆದುಕೊಡುವ ‘10 ಸಲ, 3 ಸುತ್ತು’ ಎಂಬುದರ ಮೂಲ ಅಲ್ಲಿದೆ.

ಆ ಚೀಟಿಯಲ್ಲಿ ಒಂದು ವಿಷಯ ಮಾತ್ರ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಡಿಲಾರ್ಮ್‌ನ ಹತ್ತು ಸಲ ಎಂದರೆ ಹನ್ನೊಂದನೆಯದು ಎತ್ತಲಾಗದಷ್ಟು ಭಾರದ ಹತ್ತು ಸಲ. ನಮ್ಮವರು ಹಗುರವಾದ ಹಳದಿ ರಬ್ಬರ್ ಬ್ಯಾಂಡನ್ನು ಮೂರು ತಿಂಗಳು ಅದೇ ಹತ್ತು ಸಲ ಎಳೆದು ‘ಫಿಸಿಯೊ ಮಾಡಿಸಿದೆ, ಏನೂ ಉಪಯೋಗ ಆಗಲಿಲ್ಲ’ ಎನ್ನುತ್ತಾರೆ. ಭಾರ ಏರದಿದ್ದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇಲ್ಲ. ಶುರುವಿನಲ್ಲಿ ಹಗುರ ಸರಿ. ಎಲ್ಲಿಯವರೆಗೆ ಹಗುರ ಎಂದು ಕೇಳುವುದು ನಮ್ಮ ಕೆಲಸ.

ಚೆನ್ನಾಗಿರುವ ಕೈಯ ಉಪಕಾರ

ನಂಬಲು ಕಷ್ಟವಾದರೂ ನಿಜವಾದ ಸಂಗತಿಯೊಂದಿದೆ. ಎಡಗೈಗೆ ಪೆಟ್ಟಾಗಿದ್ದರೆ ಬಲಗೈಗೆ ವ್ಯಾಯಾಮ ಮಾಡಿಸಿ; ಎಡಗೈಗೂ ಸ್ವಲ್ಪ ಶಕ್ತಿ ಸೇರುತ್ತದೆ. 1894ರಲ್ಲೇ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಸಂಗಡಿಗರು ಇದನ್ನು ಗಮನಿಸಿ ಬರೆದಿದ್ದರು. ಒಂದು ಕೈಯಿಂದ ದಿನವೂ ಹಿಂಡುವ ಅಭ್ಯಾಸ ಮಾಡಿದರೆ, ಸುಮ್ಮನಿದ್ದ ಇನ್ನೊಂದು ಕೈಯ ಹಿಡಿತವೂ ಬಿಗಿಯಾಗುತ್ತಿತ್ತು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು ಇದನ್ನು ಐವತ್ತು ದಾಟಿದ, ಮಣಿಕಟ್ಟು ಮುರಿದುಕೊಂಡ ಹೆಂಗಸರಲ್ಲಿ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಕೊಟ್ಟರು. ಪ್ಲಾಸ್ಟರ್ ಇದ್ದಷ್ಟು ದಿನವೂ ಮುರಿಯದ ಕೈಗೆ ಹಿಡಿತದ ವ್ಯಾಯಾಮ ಮಾಡಿದವರಲ್ಲಿ, ಹನ್ನೆರಡನೇ ವಾರದ ಹೊತ್ತಿಗೆ ಮುರಿದ ಕೈಯ ಶಕ್ತಿಯೂ ಚಲನೆಯೂ ಉಳಿದವರಿಗಿಂತ ಚೆನ್ನಾಗಿದ್ದವು. ಇಲ್ಲಿ ದೊಡ್ಡ ಪಾಲು ನರಗಳದ್ದು. ಮಾಂಸ ಅಷ್ಟಾಗಿ ಹೆಚ್ಚುವುದಿಲ್ಲ. ಹೇಗೂ ಮೊದಲು ಕೈಕೊಡುವುದೇ ನರಗಳ ಅಪ್ಪಣೆಯಲ್ಲವೇ?

ಇನ್ನೂ ವಿಚಿತ್ರವಾದದ್ದು ಒಹಾಯೊ ವಿಶ್ವವಿದ್ಯಾಲಯದ ಪ್ರಯೋಗ. ಅದು 2014ರದ್ದು. ನಾಲ್ಕು ವಾರ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದವರಲ್ಲಿ ಒಂದು ಗುಂಪಿನವರು ಕೈಯನ್ನು ಬಲವಾಗಿ ಬಗ್ಗಿಸುತ್ತಿರುವಂತೆ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕಿತ್ತು, ಅಷ್ಟೇ. ಸುಮ್ಮನಿದ್ದವರ ಶಕ್ತಿ ಶೇ 45ರಷ್ಟು ಇಳಿದರೆ, ಕಲ್ಪಿಸಿಕೊಂಡವರದ್ದು ಇಳಿದದ್ದು ಶೇ 24ರಷ್ಟು. ಖರ್ಚಿಲ್ಲದ, ಅಪಾಯವಿಲ್ಲದ ಈ ಉಪಾಯವನ್ನು ಯಾವ ಆಸ್ಪತ್ರೆಯ ಚೀಟಿಯಲ್ಲೂ ನಾನು ಕಂಡಿಲ್ಲ. ಹೇಳಿದರೆ ರೋಗಿ ನಕ್ಕಾನು ಎಂಬ ಸಂಕೋಚವೋ ಏನೋ.

ಕಾಲಿಗೆ ಪೆಟ್ಟಾದವರಿಗೆ ಮಾಡಲು ಉಳಿದಿರುವ ಕೆಲಸ ನೋಡಿದರೆ ಆಶ್ಚರ್ಯವಾಗಬೇಕು. ಎರಡು ಕೈ, ಭುಜ, ಎದೆ, ಬೆನ್ನು, ಹೊಟ್ಟೆ, ಇನ್ನೊಂದು ಕಾಲು ಎಲ್ಲ ಹಾಗೇ ಇವೆ. ಗಟ್ಟಿಯಾದ, ಕೈಯಿರುವ ಒಂದು ಕುರ್ಚಿ ಸಾಕು. ಒಂದು ಲೀಟರಿನ ನೀರಿನ ಬಾಟಲಿ ಒಂದು ಕಿಲೋ. ಎರಡು ಲೀಟರಿನದು ಎರಡು ಕಿಲೋ. ಅದು ಹಗುರವಾದರೆ ಚೀಲಕ್ಕೆ ಅಕ್ಕಿ ತುಂಬಿಕೊಳ್ಳಿ. ಕೂತಲ್ಲೇ ಭುಜದ ಮೇಲಕ್ಕೆ ಎತ್ತಬಹುದು, ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎದೆಯ ಕಡೆಗೆ ಎಳೆಯಬಹುದು, ಕುರ್ಚಿಯ ಕೈಗಳನ್ನು ಒತ್ತಿ ಮೈಯನ್ನು ಮೇಲೆತ್ತಬಹುದು. ಈ ಕೊನೆಯದನ್ನು ಊರುಗೋಲು ಹಿಡಿಯಬೇಕಾದವರು ಬಿಡಲೇಬಾರದು. ತೋಳಿನ ಹಿಂಬದಿಗೆ ಬಲವಿಲ್ಲದವರು ಊರುಗೋಲಿನ ಮೇಲೆ ಕಂಕುಳನ್ನೇ ಊರಿ ನೇತಾಡುತ್ತಾರೆ. ಕೈ ಜೋಮು ಹಿಡಿಯಲು ಬೇರೆ ಕಾರಣ ಬೇಕಿಲ್ಲ. ಚೆನ್ನಾಗಿರುವ ಕಾಲಿನಲ್ಲಿ ಕುರ್ಚಿಯಿಂದ ಎದ್ದು ಕೂರುವುದು ಒಂದು ಕಾಲಿನ ಬಸ್ಕಿಯೇ ಸರಿ. ಆದರೆ ಪಕ್ಕದಲ್ಲಿ ಗೋಡೆಯೋ ಮನುಷ್ಯರೋ ಇರಲಿ. ಇನ್ನೊಂದು ಸಲ ಬೀಳುವುದಕ್ಕಿಂತ ಬಸ್ಕಿ ಬಿಟ್ಟರೂ ಚಿಂತೆಯಿಲ್ಲ.

ಇವನ್ನು ಬಿಡುವು ಕೊಡದೆ ಒಂದರ ಹಿಂದೊಂದು ಹತ್ತು ನಿಮಿಷ ಮಾಡಿದರೆ ಏದುಸಿರು ಬರುತ್ತದೆ. ಅದೇ ಬೇಕಾದದ್ದು, ದಮ್ಮು ಉಳಿಸಿಕೊಳ್ಳುವ ದಾರಿ ಅದು. ಗಾಯ ಪೂರ್ತಿ ಒಣಗಿ, ಹೊಲಿಗೆ ತೆಗೆದು, ಡಾಕ್ಟರು ಒಪ್ಪಿದ ಮೇಲೆ ಈಜುಕೊಳ ಸಿಕ್ಕುವವರು ಪುಣ್ಯವಂತರು. ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಬಹಳಷ್ಟು ಕಡಿಮೆಯಾಗುವುದರಿಂದ, ನೆಲದ ಮೇಲೆ ನಡೆಯಲಾಗದವರೂ ಅಲ್ಲಿ ನಡೆಯಬಲ್ಲರು.

‘ನಂಜು’ ಎಂಬ ಅಡ್ಡಗೋಡೆ

ಈಗ ಊಟದ ವಿಷಯ. ಹೊಲಿಗೆ ಬಿದ್ದ ಮೇಲೆ ನಮ್ಮ ಕಡೆ ಮೊದಲು ನಿಲ್ಲುವುದು ಬದನೆಕಾಯಿ. ಅದು ಹೋದರೆ ಹೋಗಲಿ, ನಷ್ಟವೇನಿಲ್ಲ. ಅದರ ಹಿಂದೆಯೇ ಮೊಟ್ಟೆ, ಮೀನು, ಕಡಲೆಕಾಯಿ, ಅವರೆಕಾಳು, ಕೆಲವು ಮನೆಗಳಲ್ಲಿ ತೊಗರಿಬೇಳೆಯೂ ನಿಲ್ಲುತ್ತವೆ. ‘ಬೇಳೆ ತಿಂದ್ರೆ ಕೀವಾಗುತ್ತೆ, ನಂಜು’ ಎಂದು ಅತ್ತೆಯವರು ಹೇಳಿದರೆ ಎದುರಾಡುವವರು ಯಾರು? ಉಳಿಯುವುದು ಗಂಜಿ, ತಿಳಿಸಾರು ಅನ್ನ, ಬ್ರೆಡ್ಡು, ರವೆ ಗಂಜಿ, ನೋಡಲು ಬಂದವರು ತಂದ ದ್ರಾಕ್ಷಿ ಮತ್ತು ಬಿಸ್ಕತ್ತು. ಗಾಯ ಮಾಯುವುದಕ್ಕೂ ಸ್ನಾಯು ಉಳಿಯುವುದಕ್ಕೂ ಬೇಕಾದ ಪ್ರೋಟೀನ್ ಯಾವ ಯಾವ ಪದಾರ್ಥದಲ್ಲಿ ಇದೆಯೋ, ಅದನ್ನೇ ಹುಡುಕಿ ಹುಡುಕಿ ತೆಗೆದುಹಾಕಿದ ಪಟ್ಟಿ ಇದು. ಒಗ್ಗದ, ಅಲರ್ಜಿಯ ಪದಾರ್ಥವಿದ್ದರೆ ಬಿಡಲೇಬೇಕು. ಉಳಿದಂತೆ ಕೀವು ಆಗುವುದು ರೋಗಾಣುವಿನಿಂದ, ಕೊಳಕು ಕೈಯಿಂದ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಿಂದ. ಬೇಳೆಯ ಮೇಲೆ ಆ ಆರೋಪ ಹೊರಿಸುವುದು ಅನ್ಯಾಯ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದ ಪ್ರಮಾಣದಂತೆ ಆರೋಗ್ಯವಂತರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಅರವತ್ತು ಕಿಲೋದವರಿಗೆ ಐವತ್ತು ಗ್ರಾಂ. ಪೆಟ್ಟುಬಿದ್ದ ವಯಸ್ಸಾದವರಿಗೆ ಇದು 1.2ರಿಂದ 1.5 ಗ್ರಾಂಗೆ ಏರಬೇಕೆಂದು ತಜ್ಞರ ಸಲಹೆ, ಕ್ರೀಡಾಪಟುಗಳಿಗೆ 1.6 ಅಥವಾ ಅದಕ್ಕೂ ಮೇಲೆ. ಅದನ್ನು ರಾತ್ರಿ ಒಂದೇ ಊಟಕ್ಕೆ ಸುರಿದುಕೊಳ್ಳುವ ಬದಲು ಮೂರು ನಾಲ್ಕು ಹೊತ್ತಿಗೆ, ಹೊತ್ತಿಗೆ ಇಪ್ಪತ್ತು ಇಪ್ಪತ್ತೈದು ಗ್ರಾಂನಂತೆ ಹಂಚಿಕೊಳ್ಳಬೇಕು. ನಮ್ಮ ತಿಂಡಿ ಸೋಲುವುದು ಇಲ್ಲೇ. ಎರಡು ಇಡ್ಲಿಯಲ್ಲಿ ನಾಲ್ಕೈದು ಗ್ರಾಂ ಸಿಕ್ಕರೆ ಹೆಚ್ಚು. ಚಿತ್ರಾನ್ನ, ಉಪ್ಪಿಟ್ಟುಗಳ ಕತೆಯೂ ಅಷ್ಟೇ.

ಹಾಗೆಂದು ಡಬ್ಬದ ಪುಡಿಗೇ ಓಡಬೇಕಿಲ್ಲ. ಇಡ್ಲಿಯ ಜೊತೆ ಎರಡು ಬೇಯಿಸಿದ ಮೊಟ್ಟೆ ಇಟ್ಟುಕೊಂಡರೆ ಹನ್ನೆರಡು ಗ್ರಾಂ ಸೇರಿತು, ಒಂದು ದೊಡ್ಡ ಲೋಟ ಹಾಲಿಗೆ ಇನ್ನು ಆರೇಳು. ಮೊಟ್ಟೆ ಮುಟ್ಟದವರಿಗೆ ನೂರು ಗ್ರಾಂ ಪನೀರಿನಲ್ಲಿ ಸುಮಾರು ಹದಿನೆಂಟು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು. ಒಣ ಸೋಯಾ ಚಂಕ್ಸ್ ಐವತ್ತು ಗ್ರಾಂ ನೆನೆಸಿ ಪಲ್ಯ ಮಾಡಿದರೆ ಇಪ್ಪತ್ತೈದು ದಾಟುತ್ತದೆ. ಅಗ್ಗದಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ರುಚಿಯ ಬಗ್ಗೆ ನಾನು ಸಾಕ್ಷಿ ಹೇಳಲಾರೆ. ಹುರುಳಿಕಾಳಿನಲ್ಲಿ ನೂರು ಗ್ರಾಂಗೆ ಸುಮಾರು ಇಪ್ಪತ್ತೆರಡು ಗ್ರಾಂ ಪ್ರೋಟೀನ್ ಇದೆ. ಆದರೆ ನಾವು ಮಾಡುವುದೇನು? ಹುರುಳಿ ಬಸಿದು, ಕಟ್ಟನ್ನು ಸಾರು ಮಾಡಿ ಮುದ್ದೆ ಮುಳುಗಿಸಿ ಉಣ್ಣುತ್ತೇವೆ, ಕಾಳನ್ನು ಹಸುವಿಗೆ ಹಾಕುತ್ತೇವೆ. ಹಸು ದಷ್ಟಪುಷ್ಟವಾಗಿರುತ್ತದೆ. ಪೆಟ್ಟು ಬಿದ್ದವರ ತಟ್ಟೆಗೆ ಕಾಳಿನ ಪಲ್ಯವೂ ಬರಲಿ, ಹುಳಿ ಬಡಿಸುವಾಗ ಸೌಟು ಪಾತ್ರೆಯ ತಳಕ್ಕೆ ಹೋಗಲಿ. ಮಾಂಸಾಹಾರಿಗಳಿಗೆ ಕಾಲು ಸೂಪಿನ ಮೇಲೆ ಅಪಾರ ನಂಬಿಕೆ. ಕುಡಿಯಲಿ, ಆದರೆ ಸ್ನಾಯುವಿಗೆ ಅದಕ್ಕಿಂತ ಕೋಳಿಯ ಎರಡು ತುಂಡೋ ಮೀನೋ ಹೆಚ್ಚು ಕೆಲಸಕ್ಕೆ ಬರುತ್ತವೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೆಕ್ಕವನ್ನೆಲ್ಲ ತಮ್ಮ ಡಾಕ್ಟರನ್ನು ಕೇಳದೆ ಹಿಡಿಯಬಾರದು.

‘ಓಡಾಟವಿಲ್ಲ, ದಪ್ಪ ಆಗ್ತೀನಿ’ ಎಂದು ಊಟ ಅರ್ಧ ಮಾಡುವುದು ಇನ್ನೊಂದು ಕಾಯಿಲೆ. ವಯಸ್ಸಿನ ಹುಡುಗ ಹುಡುಗಿಯರಲ್ಲಿ ಹೆಚ್ಚು. ಮೂಳೆ ಕೂಡುವುದಕ್ಕೂ ಗಾಯ ಮಾಯುವುದಕ್ಕೂ ಶಕ್ತಿ ಖರ್ಚಾಗುತ್ತದೆ. ಊರುಗೋಲಿನಲ್ಲಿ ನಡೆಯುವುದಕ್ಕೆ ಮಾಮೂಲಿ ನಡಿಗೆಯ ಎರಡು ಮೂರು ಪಟ್ಟು ಶಕ್ತಿ ಬೇಕು. ಸಾಕಷ್ಟು ತಿನ್ನದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಆ ಖರ್ಚು ತೂಗಿಸುತ್ತದೆ. ಸಿಹಿ, ಎಣ್ಣೆಯ ಕುರುಕಲು ಬಿಡಿ, ಊಟ ಬಿಡಬೇಡಿ. ಬೀಡಿ ಸಿಗರೇಟಂತೂ ಮೂಳೆ ಕೂಡುವುದನ್ನೇ ನಿಧಾನ ಮಾಡುತ್ತದೆ.

ವಯಸ್ಸಾದವರ ವಿಷಯದಲ್ಲಿ ತಡ ಎಂಬುದೇ ದೊಡ್ಡ ಅಪಾಯ. ಸರಾಸರಿ 67 ವರ್ಷದ, ಆರೋಗ್ಯವಾಗಿದ್ದ ಹನ್ನೆರಡು ಮಂದಿಯನ್ನು ಹತ್ತು ದಿನ ಹಾಸಿಗೆಯಲ್ಲಿ ಇಟ್ಟು ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹತ್ತೇ ದಿನಕ್ಕೆ ಅವರ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋ ಮಾಂಸ ಇಳಿದುಹೋಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯನ್ನು ಆಪರೇಷನ್ನಿನ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸುವುದು ಇದೇ ಕಾರಣಕ್ಕೆ. ‘ಪಾಪ, ಇನ್ನೆರಡು ದಿನ ಮಲಗಲಿ ಬಿಡಿ’ ಎಂದು ಮನೆಯವರು ನರ್ಸನ್ನು ಗದರಿಸುವುದನ್ನು ವಾರ್ಡುಗಳಲ್ಲಿ ಕೇಳುತ್ತಿರುತ್ತೇವೆ. ಆ ನರ್ಸಿನ ಪರವಾಗಿ ನಿಲ್ಲಿ. ಅಜ್ಜಿ ಮತ್ತೆ ತಾನೇ ಎದ್ದು ಬಚ್ಚಲಿಗೆ ಹೋಗುತ್ತಾಳೋ ಇಲ್ಲವೋ ಎಂಬುದು ಬಹುಪಾಲು ಆ ಮೊದಲ ದಿನಗಳಲ್ಲೇ ತೀರ್ಮಾನವಾಗುತ್ತದೆ.

ಕರೆಂಟು, ಪಟ್ಟಿ ಮತ್ತು ಅವಸರ

‘ಹತ್ತು ದಿನ ಕರೆಂಟ್ ಕೊಡಿಸಿದೆ’ ಎನ್ನುವವರನ್ನು ಊರೂರಿನಲ್ಲಿ ಕಾಣಬಹುದು. ಕರೆಂಟುಗಳಲ್ಲಿ ಬೇರೆಬೇರೆ ಬಗೆ. ಹೆಚ್ಚಿನ ಕಡೆ ಕೊಡುವುದು ನೋವು ತಗ್ಗಿಸುವ ಬಗೆ. ಅದು ಸ್ನಾಯುವನ್ನು ಉಳಿಸುವುದಿಲ್ಲ. ಸ್ನಾಯು ಎದ್ದು ಕಾಣುವಂತೆ ಬಿಗಿದು ಸಡಿಲಾಗುವಷ್ಟು ಬಲವಾದ ಇನ್ನೊಂದು ಬಗೆ ಇದೆ. ಅದನ್ನು ಪ್ಲಾಸ್ಟರ್ ಹಾಕಿದ ಮೊದಲ ದಿನಗಳಿಂದಲೇ ಕೊಟ್ಟರೆ ಸ್ನಾಯು ಇಳಿಯುವುದನ್ನು ತಡೆಯಬಹುದು. ನಿಮಗೆ ಕೊಡುತ್ತಿರುವುದು ಯಾವುದು, ಯಾತಕ್ಕೆ ಎಂದು ಕೇಳಿ. ಮಲಗಿ ಕರೆಂಟು ಹಿಡಿಸಿಕೊಂಡು, ವ್ಯಾಯಾಮ ಮಾಡದೆ ಮನೆಗೆ ಬಂದರೆ ಅದನ್ನು ಫಿಸಿಯೊಥೆರಪಿ ಎನ್ನಲು ನನಗೆ ಮನಸ್ಸಿಲ್ಲ.

ಈಚೆಗೆ ಜಿಮ್ಮುಗಳಲ್ಲೂ ಓಡಾಡುತ್ತಿರುವ ಇನ್ನೊಂದು ವಿಧಾನ, ತೊಡೆಯ ಮೇಲ್ತುದಿಗೆ ಗಾಳಿಪಟ್ಟಿ ಬಿಗಿದು ರಕ್ತದ ಹರಿವನ್ನು ಅಳತೆಯಾಗಿ ತಡೆದು, ಹಗುರ ಭಾರದಲ್ಲಿ ವ್ಯಾಯಾಮ ಮಾಡುವುದು. ಜಪಾನಿನ ಯೊಶಿಯಾಕಿ ಸಾಟೊ 1973ರಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲು ಮುರಿದುಕೊಂಡು, ತನ್ನ ಮೇಲೆಯೇ ಪ್ರಯೋಗಿಸಿ ಬೆಳೆಸಿದ್ದು. ಎತ್ತಬಲ್ಲ ಗರಿಷ್ಠ ಭಾರದ ಶೇ 20ರಿಂದ 30ರಷ್ಟರಲ್ಲೇ ಸ್ನಾಯು ಬೆಳೆಯುತ್ತದೆಂಬುದು ಇದರ ಲಾಭ. ಹೊಸದಾಗಿ ಲಿಗಮೆಂಟ್ ಹಾಕಿಸಿಕೊಂಡವರಿಗೆ ವರವೇ. ಆದರೆ ಇದನ್ನು ಮನೆಯಲ್ಲಿ ಎಲಾಸ್ಟಿಕ್ ಕಟ್ಟಿಕೊಂಡು ಮಾಡುವುದು ಮೂರ್ಖತನ. ಮಲಗಿದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಇರುತ್ತದೆ. ಆ ಕಾರಣಕ್ಕೇ ಹೇಳುತ್ತೇನೆ: ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯತೊಡಗಿದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ, ವ್ಯಾಯಾಮದ ನೋವೆಂದು ಕೂರದೆ ಆಗಲೇ ಆಸ್ಪತ್ರೆಗೆ ಹೊರಡಿ.

ಮಾಮೂಲಿ ನೋವಿಗೆ ಫಿಸಿಯೊಗಳು ಇಟ್ಟುಕೊಂಡಿರುವ ಅಳತೆ ಸರಳ. ಹತ್ತರಲ್ಲಿ ಮೂರು ನಾಲ್ಕರಷ್ಟು ನೋವಿದ್ದರೆ ಮುಂದುವರಿಸಬಹುದು. ಮರುದಿನ ಬೆಳಿಗ್ಗೆ ನೋವು ಹಿಂದಿನ ಮಟ್ಟಕ್ಕೆ ಇಳಿದಿದ್ದು, ಕೀಲು ಊದದೆ ಇದ್ದರೆ ನಿನ್ನೆ ಮಾಡಿದ್ದು ಸರಿ. ಊದಿದ್ದರೆ ಅತಿಯಾಯಿತು, ಒಂದು ಮೆಟ್ಟಿಲು ಇಳಿಯಿರಿ.

ಕ್ರಿಕೆಟಿಗರ ಉದಾಹರಣೆ ಎಲ್ಲರ ಬಾಯಲ್ಲೂ ಇರುತ್ತದೆ. ನಮ್ಮ ಕೆ.ಎಲ್. ರಾಹುಲ್ 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಪೆಟ್ಟು ಮಾಡಿಕೊಂಡರು, ಶಸ್ತ್ರಚಿಕಿತ್ಸೆಯಾಯಿತು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪಳಗಿದರು, ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದರು. ಸರಿಯೇ. ಅದೇ ಅಕಾಡೆಮಿಯಲ್ಲಿ ಪಳಗಿದ ರಿಷಭ್ ಪಂತ್ 2022ರ ಡಿಸೆಂಬರ್ 30ರ ಕಾರು ಅಪಘಾತದ ನಂತರ ಮೈದಾನಕ್ಕೆ ಮರಳಿದ್ದು 2024ರ ಮಾರ್ಚಿನಲ್ಲಿ. ದಿನವಿಡೀ ಅದೇ ಕೆಲಸ, ಪಕ್ಕದಲ್ಲೇ ಫಿಸಿಯೊ, ಟ್ರೇನರ್, ಅಡುಗೆಯವರು ಎಲ್ಲ ಇದ್ದೂ ಒಂದೂಕಾಲು ವರ್ಷ ಹಿಡಿಯಿತು. ಮಂಡ್ಯದ ಕಬಡ್ಡಿ ಹುಡುಗನೋ ಭಾನುವಾರ ಮಾತ್ರ ಶಟಲ್ ಆಡುವ ಬ್ಯಾಂಕಿನವರೋ ಮಂಡಿಯ ಲಿಗಮೆಂಟ್ ಹಾಕಿಸಿಕೊಂಡು ನಾಲ್ಕೇ ತಿಂಗಳಿಗೆ ಅಂಗಣಕ್ಕೆ ಇಳಿಯುವುದು ಯಾವ ಧೈರ್ಯದ ಮೇಲೆ? ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಕೊಟ್ಟ ಲೆಕ್ಕದಲ್ಲಿ, ಒಂಬತ್ತನೇ ತಿಂಗಳವರೆಗೆ ಒಂದೊಂದು ತಿಂಗಳು ಕಾದಂತೆಲ್ಲ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧರ್ಧ ಇಳಿಯುತ್ತ ಹೋಗಿತ್ತು. ತೊಡೆಗಳ ಶಕ್ತಿ ಎರಡೂ ಕಾಲಿನಲ್ಲಿ ಸರಿಸುಮಾರು ಸಮವಾಗುವವರೆಗೆ ಕಾದವರು ಹೆಚ್ಚು ಕ್ಷೇಮವಾಗಿದ್ದರು. ನೋವು ಹೋದದ್ದೇ ವಾಸಿಯಾದ ಗುರುತೆಂದು ನಂಬಿದವರೇ ಎರಡನೇ ಸಲ ಆಪರೇಷನ್ ಟೇಬಲ್ಲಿಗೆ ಬರುವುದು.

ಕಳೆದುಕೊಂಡ ಸ್ನಾಯು ಮರಳುವ ವಿಷಯದಲ್ಲಿ ಸುದ್ದಿ ಒಳ್ಳೆಯದೇ. ಫಿನ್‌ಲ್ಯಾಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದವರು 2024ರಲ್ಲಿ ತೋರಿಸಿದಂತೆ, ಹತ್ತು ವಾರ ಭಾರ ಎತ್ತಿ, ಹತ್ತು ವಾರ ಪೂರ್ತಿ ಬಿಟ್ಟು, ಮತ್ತೆ ಹತ್ತು ವಾರ ಎತ್ತಿದವರು, ಬಿಡದೆ ಇಪ್ಪತ್ತು ವಾರ ಎತ್ತಿದವರ ಮಟ್ಟವನ್ನೇ ಮುಟ್ಟಿದ್ದರು. ಅವರಿಗೆ ಗಾಯವಾಗಿರಲಿಲ್ಲ, ಬರೀ ಬಿಡುವು. ಆ ವ್ಯತ್ಯಾಸ ನೆನಪಿರಲಿ. ಆದರೂ ಹಿಂದೆ ಗಳಿಸಿದ್ದ ಶಕ್ತಿಯನ್ನು ಮತ್ತೆ ಗಳಿಸುವುದು ಮೊದಲ ಸಲಕ್ಕಿಂತ ಬೇಗ ಆಗುತ್ತದೆ ಎಂಬುದನ್ನು ಗರಡಿಮನೆಯ ಯಾವ ಹಳೆಯ ಪೈಲ್ವಾನರನ್ನು ಕೇಳಿದರೂ ಒಪ್ಪುತ್ತಾರೆ.

ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಕಾಗದದಲ್ಲಿ ‘ವಿಶ್ರಾಂತಿ, ಫಿಸಿಯೊಥೆರಪಿ’ ಎಂದು ಎರಡು ಪದ ಇರುತ್ತವೆ. ಅಷ್ಟಕ್ಕೇ ಮಡಚಿ ಜೇಬಿಗೆ ಹಾಕಬೇಡಿ. ಈ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವತ್ತಿನಿಂದ? ಯಾವ ಚಲನೆ ಮಾಡಲೇಬಾರದು? ಮಿಕ್ಕ ಮೈಗೆ ಇವತ್ತಿನಿಂದಲೇ ಏನು ಮಾಡಬಹುದು? ಹೊರರೋಗಿಗಳ ಸಾಲು ಎಷ್ಟೇ ಉದ್ದವಿರಲಿ, ಈ ಮೂರು ಪ್ರಶ್ನೆಗೆ ಉತ್ತರ ಬರೆಸಿಕೊಂಡೇ ಎದ್ದು ಬನ್ನಿ. ಬರೆದುಕೊಡಲು ಡಾಕ್ಟರಿಗೆ ಎರಡು ನಿಮಿಷ ಸಾಕು.